ಸುರುಳಿಯ ಬಣ್ಣ ಹೇಳುವವಳು

ಸೆಪ್ಟೆಂಬರ್ 11, 2000. ಸೋಮವಾರ

ಕಾಕಾನ ಕಾರ್ಖಾನೆಗೆ ಹೋಗಿ ಬಂದೆ.

ಕಾಕಾ ದುಡಿಯುವ ಕಾರ್ಖಾನೆ ಕುಷಾಯಿಗೂಡದಲ್ಲಿ, ದೊಡ್ಡ ಸರ್ಕಾರಿ ಕಾರ್ಖಾನೆಯ ಹಿಂದಿನ ಗಲ್ಲಿಯಲ್ಲಿದೆ. ತಗಡಿನ ಸೂರು, ಎಣ್ಣೆ ಕುಡಿದು ಕಪ್ಪಾದ ನೆಲ. ಮಾಲೀಕರಾದ ಗೋಪಿನಾಥರಾವ್ ಅವರಿಗೆ ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ವರದಿ ಬರೆಯುವವರು ಬೇಕಾಗಿತ್ತು. ಮೊದಲಿದ್ದವನು ಕೆಲಸ ಬಿಟ್ಟು ಅಮೀರಪೇಟೆಯಲ್ಲಿ ಕಂಪ್ಯೂಟರ್ ಕಲಿಯುತ್ತಿದ್ದಾನೆ. ಈ ತೆಲುಗು ಊರಿನಲ್ಲಿ ಈಗ ಎಲ್ಲರೂ ಅದನ್ನೇ ಕಲಿಯುತ್ತಿದ್ದಾರೆ. ಕಲಬುರಗಿಯಲ್ಲಿ ಸಾಹಿತ್ಯ ಓದಿ ಕೆಲಸವಿಲ್ಲದೆ ಬಂದು ಕಾಕಾನ ಮನೆಯಲ್ಲಿ ಕುಳಿತವಳು ನಾನೊಬ್ಬಳೇ ಇರಬೇಕು.

ಕೆಲಸ ಏನೆಂದರೆ, ಬೆಂಕಿಯಲ್ಲಿ ಕಾಸಿ ಗಡುಸು ಮಾಡಿದ ಉಕ್ಕಿನ ದಂಡಗಳನ್ನು ಲೇತ್ ಎಂಬ ತಿರುಗುವ ಯಂತ್ರದ ಮೇಲೆ ಸುಲಿಯಬೇಕು. ಮಾಮೂಲಿಯಾಗಿ ಮೇಲಿನಿಂದ ಬಿಸಿ ತಣಿಸುವ, ಹಾಲಿನಂಥ ಕೂಲೆಂಟ್ ನೀರು ಸುರಿಯುತ್ತಲೇ ಇರುತ್ತದೆ. ದಂಡ ಕೊಳ್ಳುವ ಕಂಪನಿಗೆ ಆ ನೀರು ಬೇಡವಂತೆ. ಗಾಳಿಯ ಜೊತೆ ಒಂದಿಷ್ಟು ಎಣ್ಣೆಯ ಮಂಜು ಊದಿದರೆ ಸಾಕು, ಅಷ್ಟರಲ್ಲೇ ಕೆಲಸ ಆಗಬೇಕು. ಹಾಗೆ ಮಾಡಿದಾಗ ಯಾವ ಟಿಪ್ ಹೆಚ್ಚು ಹೊತ್ತು ಬಾಳುತ್ತದೆ ಎಂದು ನೋಡುವುದು. ಟಿಪ್ ಎಂದರೆ ಉಕ್ಕನ್ನು ಕತ್ತರಿಸುವ, ಬೆರಳ ತುದಿಯಷ್ಟು ಚಿಕ್ಕದಾದ ಚೌಕ ಬಿಲ್ಲೆ. ಒಂದು ಬಗೆಗೆ ಬಂಗಾರದ ಬಣ್ಣದ ಲೇಪ, ಇನ್ನೊಂದಕ್ಕೆ ನೇರಳೆ ಹೊಳೆಯುವ ಕಪ್ಪು ಲೇಪ.

ಯಂತ್ರ ಶುರುವಾದಾಗ ಆ ಸದ್ದು ನನ್ನ ಹಲ್ಲಿನ ಬೇರಿಗೆ ಬಂದು ತಾಗಿತು. ಓಡಿಬಿಡಬೇಕು ಎನ್ನಿಸಿತು. ಕಾಕಾನ ಎಡಗಣ್ಣು ಹೋಗಿದ್ದು ಇಂಥದ್ದೇ ಒಂದು ಲೇತಿನಲ್ಲಿ. ನಾನಾಗ ಇನ್ನೂ ಲಂಗ ಹಾಕುತ್ತಿದ್ದೆ. ಅಲ್ಲೀಗ ಗಾಜಿನ ಗುಡ್ಡೆ ಇದೆ. ಅದು ಯಾರನ್ನೂ ನೋಡುವುದಿಲ್ಲ, ಆದರೆ ಎಲ್ಲರನ್ನೂ ನೋಡುವಂತೆ ಕಾಣುತ್ತದೆ.

ಸೆಪ್ಟೆಂಬರ್ 13, ಬುಧವಾರ

ಇವತ್ತು ಕಾಕಾ ನನ್ನನ್ನು ಯಂತ್ರದ ಪಕ್ಕದಲ್ಲೇ ನಿಲ್ಲಿಸಿಕೊಂಡರು. ಯಂತ್ರದ ಗಾಜಿನ ಜಾರುಬಾಗಿಲು ತೆರೆದೇ ಇತ್ತು. ಬಾಗಿಲು ತೆರೆದರೆ ಯಂತ್ರ ತಾನೇ ನಿಲ್ಲುವ ಏರ್ಪಾಡು ಇತ್ತಂತೆ. ತಂತಿ ಕಟ್ಟಿ ಅದನ್ನು ಸುಮ್ಮನಾಗಿಸಿದ್ದಾರೆ.

ಅಳತೆ ನೋಡುವ ಇಂಜಿನಿಯರ್ ಆನಂದಕುಮಾರ ಮೈಸೂರಿನವರು. ಅವರು ಹಾದುಹೋಗುವಾಗಲೆಲ್ಲ ಗೊಣಗುತ್ತಾರೆ.

“ಬಾಗಿಲು ಹಾಕ್ಕೊಳ್ಳಿ ಗೊಲ್ಲಾಳಪ್ಪನವ್ರೇ. ಎಷ್ಟ್ ಸಲ ಹೇಳೋದು?”

“ಆ ಕಾಜಿನ್ಯಾಗಿಂದ ನೋಡಿದ್ರ ಮಜ್ಜಿಗಿ ಒಳಗ ನೋಡಿದಂಗ ಆಗ್ತೈತ್ರಿ ಸರ” ಎಂದರು ಕಾಕಾ.

ಆಮೇಲೆ ನನ್ನ ಕಡೆ ತಿರುಗದೆ ಕೇಳಿದರು. “ವಿಜಿ, ಸುರುಳಿ ಏನ ಬಣ್ಣ ಬರಾಕತ್ತೈತಿ?”

ಉಕ್ಕು ಸುಲಿದಂತೆ ಸಣ್ಣ ಸುರುಳಿಗಳು ಬೀಳುತ್ತವೆ. ಬಿಸಿ ಹೆಚ್ಚಾದಂತೆ ಅವುಗಳ ಬಣ್ಣ ಬದಲಾಗುತ್ತದೆ. ನಾನು “ಗೋದಿ ಬಣ್ಣ” ಎಂದೆ.

“ಬಾಯಾಗ ಅಂದ್ರ ನನಗ ಹ್ಯಾಂಗ ಕೇಳಬೇಕು? ಮಷೀನಿಗಿಂತ ಜೋರ ಹೇಳವ್ವಾ.”

ಪಕ್ಕದ ಯಂತ್ರದ ಮಲ್ಲು ಹಲ್ಲು ಕಿರಿದ. “ಪಂಡಿತಮ್ಮಾರ ದನಿ ಕೇಳಬೇಕಂದ್ರ ಗಣಪತಿ ಮೈಕ್ ತರಸಬೇಕ್ರಿ ಮಾಮಾ.”

ಕಾಕಾ ನನಗೆ ಕೆಲಸ ಕಲಿಸುತ್ತಿದ್ದಾರೆ. ಒಳ್ಳೆಯದೇ. ಆದರೆ ಅಷ್ಟು ಹತ್ತಿರ ನಿಲ್ಲಿಸದಿದ್ದರೆ ಆಗುತ್ತಿತ್ತು.

ಸೆಪ್ಟೆಂಬರ್ 19, ಮಂಗಳವಾರ

ನನಗೆ ಗೊತ್ತಿತ್ತು. ಒಂದು ದಿನ ಇದು ಆಗುತ್ತದೆ ಎಂದು ಗೊತ್ತಿತ್ತು.

ನೀಲಿ ಸುರುಳಿಯೊಂದು ಹಾರಿ ಬಂದು ಬಲಗೆನ್ನೆಯ ಮೇಲೆ ಅಂಟಿತು. ಕೆಂಡದ ಹಾಗೆ. ಕಣ್ಣಿಗೂ ಅದಕ್ಕೂ ನಡುವೆ ಒಂದು ಬೆರಳು ಇತ್ತೋ ಇಲ್ಲವೋ. ನಾನು ಕೂಗಲೂ ಇಲ್ಲ, ಕೈಯಿಂದ ಕೊಡವಿಕೊಂಡೆ ಅಷ್ಟೇ. ಮಲ್ಲು ನೋಡಿ ತಣ್ಣೀರು ತಂದುಕೊಟ್ಟ. ಅವನು ತಮಾಷೆ ಮಾಡದೇ ಇದ್ದದ್ದು ನೋಡಿ ಇನ್ನೂ ಹೆದರಿಕೆಯಾಯಿತು. ಆನಂದಕುಮಾರ ತಮ್ಮ ಡ್ರಾಯರಿನಿಂದ ಮುಲಾಮು ಕೊಟ್ಟು, ರಕ್ಷಣೆಯ ಕನ್ನಡಕವನ್ನು ತಾವೇ ನನ್ನ ಮೂಗಿನ ಮೇಲೆ ಕೂರಿಸಿದರು. ಮಲ್ಕಾಜ್‌ಗಿರಿಯ ಕಾಕಾನ ಮನೆಗೆ ಬಂದಾಗ ಶಂಕ್ರಮ್ಮ ಕಾಕು ಬಾಗಿಲಲ್ಲೇ ಕೂಗಿದರು. “ಅಯ್ಯ ನಮ್ಮವ್ವ, ಮದವಿ ಆಗೋ ಹುಡುಗಿ ಮಾರಿಗೆ ಇದೇನ ಮಾಡ್ಕೊಂಡು ಬಂದಿ!”

ಕಾಕಾ ಮಾತ್ರ ಎದುರಿಗೇ ಕುಳಿತು ರೊಟ್ಟಿ ತಿಂದರು. ಒಮ್ಮೆಯೂ ಕೆನ್ನೆಯ ಕಡೆ ನೋಡಲಿಲ್ಲ. ಕಾಕು ಕೂಗಿದ್ದಕ್ಕೂ “ಕಾರ್ಖಾನಿ ಅಂದ್ರ ಮಸಿ ಹತ್ತೂದ” ಎಂದರು, ಅಷ್ಟೇ.

ತಮ್ಮ ಕಣ್ಣೇ ಹೋದವರಿಗೆ ಇದೇನು ಲೆಕ್ಕ ಎಂದಿರಬೇಕು. ಆದರೂ ಒಂದು ಸಲ ನೋಡಬಹುದಿತ್ತು.

ಸೆಪ್ಟೆಂಬರ್ 28, ಗುರುವಾರ

ಕೆಲಸ ಸ್ವಲ್ಪ ಅರ್ಥವಾಗುತ್ತಿದೆ. ಒಂದೊಂದು ಟಿಪ್ಪಿಗೂ ಹಲವು ಮೂಲೆ. ಒಂದು ಮೂಲೆ ಬಳಸಿದ ಮೇಲೆ ಅದರ ಪಕ್ಕ ಕೆಂಪು ಮಾರ್ಕರಿನಿಂದ ಚುಕ್ಕಿ ಇಡುತ್ತಾರೆ. ಚುಕ್ಕಿ ಇದ್ದರೆ ಬಳಸಿದ್ದು, ಇಲ್ಲದಿದ್ದರೆ ಹೊಸದು. ಟಿಪ್ ಹಾಕುವ ಮೊದಲು ಕಾಕಾ “ಚುಕ್ಕಿ ಐತೇನ ನೋಡು” ಎಂದು ನನ್ನನ್ನೇ ಕೇಳುತ್ತಾರೆ. ಬಳಸಿದ ಮೂಲೆಯನ್ನು ಆನಂದಕುಮಾರ ಮೈಕ್ರೋಸ್ಕೋಪಿನ ಕೆಳಗಿಟ್ಟು ಸವೆತ ಅಳೆಯುತ್ತಾರೆ. ಇವತ್ತು ನನಗೂ ತೋರಿಸಿದರು. ಬರಿಗಣ್ಣಿಗೆ ಒಂದು ಬೂದು ಗೆರೆಯಷ್ಟೇ ಕಾಣುವುದು ಅಲ್ಲಿ ಕುಸಿದ ಗೋಡೆಯಂತಿತ್ತು. ಇಲ್ಲಿಯವರೆಗೆ ಎರಡೂ ಲೇಪ ಹೆಚ್ಚುಕಡಿಮೆ ಸಮ, ಕಪ್ಪು ಸ್ವಲ್ಪ ಮುಂದಿದೆ.

ಬಸ್ ಸ್ಟಾಪಿನಲ್ಲಿ ಕಾಕಾ “ಯಾವ ನಂಬರ್ ಬರಾಕತ್ತೈತಿ, ನೋಡು” ಎನ್ನುತ್ತಾರೆ. ತಾವು ಇಷ್ಟು ವರ್ಷ ಓಡಾಡಿದ ದಾರಿ! ನನಗೆ ಊರು ಕಲಿಸುವ ರೀತಿ ಇದು. ಮನೆಯಲ್ಲಿ ನೀರು ಬಗ್ಗಿಸುವಾಗ ಲೋಟದ ಹೊರಗೆ ಚೆಲ್ಲಿ ಕಾಕುವಿನ ಹತ್ತಿರ ಬೈಸಿಕೊಂಡರು. ಈಚೆಗೆ ಯಾವುದೋ ಯೋಚನೆಯಲ್ಲಿರುತ್ತಾರೆ.

ಅಕ್ಟೋಬರ್ 7, ಶನಿವಾರ. ದಸರಾ

ಇವತ್ತು ಯಂತ್ರಗಳ ಸದ್ದಿಲ್ಲ. ಎಷ್ಟು ನೆಮ್ಮದಿ. ಎಲ್ಲಕ್ಕೂ ಚೆಂಡುಹೂವಿನ ಹಾರ, ವಿಭೂತಿ, ಕುಂಕುಮ. ಬಾಗಿಲಲ್ಲಿ ಕುಂಬಳಕಾಯಿ ಒಡೆದರು.

ಕಾಕಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಪ್ರತಿಯೊಂದು ಹತಾರವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಹಳೆಯ ಧೋತ್ರದಿಂದ ಒರೆಸಿದ್ದರು. ಟಿಪ್ಪುಗಳನ್ನೂ ಬಿಟ್ಟಿರಲಿಲ್ಲ. ಹಿತ್ತಾಳೆ ತಟ್ಟೆಯಲ್ಲಿ ಒಂದು ಕಡೆ ಬಂಗಾರದವು, ಒಂದು ಕಡೆ ಕಪ್ಪು. ಒಡವೆಯಂತೆ ಹೊಳೆಯುತ್ತಿದ್ದವು. “ಮೈಲಿಗಿ ಹಿಡದ ಹತಾರ ತಾಯಿ ಮುಂದ ಇಡಬಾರದು” ಎಂದರು. ಒಂದು ಬಂಗಾರದ ಟಿಪ್ಪನ್ನು ಆರಿಸಿ ದೇವಿಯ ಪಟದ ಮುಂದಿನ ಹಲಗೆಯ ಮೇಲಿಟ್ಟು ಕುಂಕುಮ ಹಚ್ಚಿದರು. ದೊಡ್ಡ ದಿನ ಬರುವವರೆಗೆ ಅದು ಅಲ್ಲೇ ಇರಬೇಕಂತೆ.

ಮಲ್ಲುವಿನ ಹೆಂಡತಿ ಗಂಗಾ ಹೋಳಿಗೆ ತಂದಿದ್ದಳು. ನಾನು ಎರಡು ತಿಂದೆ.

ಅಕ್ಟೋಬರ್ 10, ಮಂಗಳವಾರ

ಬಂಗಾರದ ಟಿಪ್ ಇವತ್ತು ಶುರುವಿನಲ್ಲೇ ಸೋತಿತು. ಸುರುಳಿ ಕಡುನೀಲಿ, ಸದ್ದು ಕರ್ಕಶ. ಇನ್ನೊಂದು ಹಾಕಿದರು. ಅದೂ ಹಾಗೇ. ಆಮೇಲೆ ಕಪ್ಪಿನದೂ ಒಂದು ಸೋತಿತು. ಆನಂದಕುಮಾರ ತಲೆ ಕೆರೆದುಕೊಂಡರು. “ಹೋದ ವಾರ ಚೆನ್ನಾಗಿತ್ತಲ್ಲ? ಎಣ್ಣೆ ಸರಿಯಾಗಿ ಬರ್ತಿದ್ಯಾ?”

ಎಣ್ಣೆ ಬರುತ್ತಿತ್ತು. ನಾನೇ ಹಾಳೆ ಹಿಡಿದು ನೋಡಿದೆ, ಮಂಜು ಬಿದ್ದು ಹಾಳೆ ಪಾರದರ್ಶಕವಾಯಿತು.

“ಬಂಗಾರ ಪೂಜಾಕ್ಕ ಛಂದ, ಕೆಲಸಕ್ಕಲ್ಲ” ಎಂದ ಮಲ್ಲು.

ಅಕ್ಟೋಬರ್ 12, ಗುರುವಾರ

ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಟಿಪ್ ಒಡೆಯಿತು. ಕಾಕಾ ತೆರೆದ ಬಾಗಿಲಿಗೆ ಮುಖ ಕೊಟ್ಟು ಬಗ್ಗಿದ್ದರು, ಎಂದಿನಂತೆ. ಪಟಾಕಿಯಂಥ ಸದ್ದು. ಚೂರು ಅವರ ಕಿವಿಯ ಪಕ್ಕದಿಂದ ಹೋಗಿ ಹಿಂದಿನ ಕಬ್ಬಿಣದ ಕಪಾಟಿಗೆ ಬಡಿಯಿತು. ಕಪಾಟಿನಲ್ಲಿ ತಗ್ಗು ಬಿದ್ದಿದೆ. ಅದರಲ್ಲಿ ನನ್ನ ಕಿರುಬೆರಳಿನ ತುದಿ ಕೂರುತ್ತದೆ. ಆ ತಗ್ಗು ಕಾಕಾನ ಬಲಗಣ್ಣಿನ ಎತ್ತರದಲ್ಲಿದೆ.

ಎಲ್ಲರೂ ಚಹಾಕ್ಕೆ ಹೋದಾಗ ನಾನು ಟಿಪ್ಪಿನ ಡಬ್ಬಿ ತೆರೆದೆ. ಒಂದಕ್ಕೂ ಕೆಂಪು ಚುಕ್ಕಿ ಇರಲಿಲ್ಲ. ದಸರಾದ ಸೀಮೆಎಣ್ಣೆ ಎಲ್ಲವನ್ನೂ ಅಳಿಸಿತ್ತು. ಬಳಸಿದ ಮೂಲೆಗಳನ್ನೇ ಹೊಸದೆಂದು ಮತ್ತೆ ಹಾಕುತ್ತಿದ್ದೇವೆ.

ಹೇಳಿಬಿಡೋಣ ಎಂದು ಎದ್ದೆ. ಅರ್ಧ ದಾರಿಯಲ್ಲಿ ಕಾಲು ನಿಂತಿತು. ಒಂದು ಟಿಪ್ ಕೈಯಲ್ಲೇ ಇತ್ತು. ಅದರ ಸವೆದ ಮೂಲೆಯ ಬೂದು ಗೆರೆ ಬರಿಗಣ್ಣಿಗೆ ಕಾಣುತ್ತಿತ್ತು. ಬಂದು ತಿಂಗಳಾದ ನನಗೇ ಕಾಣುತ್ತಿತ್ತು.

ಕಾಕಾನಿಗೆ ಹೇಗೆ ಕಾಣಲಿಲ್ಲ?

ಮಜ್ಜಿಗೆ. ಬಸ್ಸಿನ ನಂಬರು. ಲೋಟದ ಹೊರಗೆ ಬಿದ್ದ ನೀರು. ಸುರುಳಿ ಏನ ಬಣ್ಣ.

ನನಗೆ ಅವರು ಏನನ್ನೂ ಕಲಿಸುತ್ತಿರಲಿಲ್ಲ.

ಅಕ್ಟೋಬರ್ 13, ಶುಕ್ರವಾರ

ಕಾಕು ಸಂತೆಗೆ ಹೋಗಿದ್ದಾಗ ಎರಡು ಟಿಪ್ ತಂದು ಕಾಕಾನ ಅಂಗೈಯಲ್ಲಿಟ್ಟೆ. ಒಂದಕ್ಕೆ ನಾನೇ ಕೆಂಪು ಚುಕ್ಕಿ ಇಟ್ಟಿದ್ದೆ.

“ಕಾಕಾ, ಯಾವದಕ್ಕ ಚುಕ್ಕಿ ಐತ್ರಿ?”

ಹೆಬ್ಬೆರಳಿನಿಂದ ಎರಡನ್ನೂ ಸವರಿದರು. “ನನ್ನ ಪರೀಕ್ಷಾ ತಗೊಳಾಕತ್ತಿ?”

“ಹೇಳ್ರಿ.”

ಮನೆಯ ಮುಂದೆ ರೈಲು ಹಾದುಹೋಯಿತು. ಅದು ಹೋದ ಮೇಲೆ ಹೇಳಿದರು. “ಹೋದ ವರ್ಷದಿಂದ ಇರೋ ಕಣ್ಣಿಗೂ ಪೊರಿ ಕಟ್ಟೈತಿ. ಡಾಕ್ಟರು ಆಪರೇಷನ್ ಅಂದ್ರು. ಯಾರಿಗೂ ಹೇಳಿಲ್ಲ, ನಿಮ್ಮ ಕಾಕುಗೂ.”

“ಮಾಡಸ್ರಿ ಮತ್ತ. ಈಗ ಎಲ್ಲಾರೂ ಮಾಡಸ್ತಾರ.”

“ಎಲ್ಲಾರಿಗೂ ಎರಡ ಇರ್ತಾವ ವಿಜಿ. ಉಕ್ಕಿನ ಮ್ಯಾಲೆ ಕೈ ತಪ್ಪಿದ್ರ ಇನ್ನೊಂದ ದಂಡ ತಂದು ಹಚ್ತೀವಿ. ಇದಕ್ಕ ಇನ್ನೊಂದ ಎಲ್ಲೈತಿ?”

ನನ್ನ ಮಣಿಕಟ್ಟು ಹಿಡಿದುಕೊಂಡರು. “ಹೇಳಬ್ಯಾಡ. ಮಷೀನ್ ಬಿಡಿಸಿ ಗೇಟಿನ ಕಡೆ ಕುಂದರಸ್ತಾರ. ನೀ ಬಣ್ಣ ಹೇಳ್ಕೋತ ಹೋಗು. ಸಾಕು.”

ಆಗಲಿ ಎಂದೆ. ಯಾಕೆ ಅಂದೆನೋ.

ಅಕ್ಟೋಬರ್ 16, ಸೋಮವಾರ

ಬೇಗ ಹೋಗಿ ಆನಂದಕುಮಾರ ಬರುವುದರೊಳಗೆ ಡಬ್ಬಿಯ ಎಲ್ಲ ಟಿಪ್ಪುಗಳ ಎಲ್ಲ ಮೂಲೆಗಳನ್ನೂ ಮೈಕ್ರೋಸ್ಕೋಪಿನಲ್ಲಿ ನೋಡಿ ಮತ್ತೆ ಚುಕ್ಕಿ ಇಟ್ಟೆ. ಅವರು ಬಂದಾಗ, ದಸರಾದಲ್ಲಿ ಚುಕ್ಕಿ ಅಳಿಸಿಹೋಗಿದ್ದವು, ಆಮೇಲಿನ ಅಳತೆಗಳನ್ನೆಲ್ಲ ಬಿಟ್ಟುಬಿಡಬೇಕು ಎಂದೆ. ಅಷ್ಟು ಮಾತ್ರ ಹೇಳಿದೆ.

ಅವರು ನಕ್ಕುಬಿಟ್ಟರು. “ಅಯ್ಯೋ ದೇವ್ರೇ. ಪೂಜೆ ನಮ್ ಡೇಟಾನೇ ತೊಳೆದ್ಬಿಡ್ತಾ?” ಅವರ ಮನಸ್ಸು ಇಲ್ಲಿಲ್ಲ. ಸಂಜೆ ಹಿಮಾಯತ್‌ನಗರದಲ್ಲಿ ಜಾವಾ ಕಲಿಯುತ್ತಿದ್ದಾರೆ, ಸಾಫ್ಟ್‌ವೇರ್ ಕಂಪನಿಯೊಂದರ ಉತ್ತರಕ್ಕೆ ಕಾಯುತ್ತಿದ್ದಾರೆ. ಸವೆದ ಮೂಲೆ ಯಾರಿಗೂ ಯಾಕೆ ಕಾಣಲಿಲ್ಲ ಎಂದು ಕೇಳಲಿಲ್ಲ. ಕೇಳಿಬಿಟ್ಟರೆ ಎಂದು ಇಡೀ ದಿನ ಅವರ ಮೇಜಿನ ಹತ್ತಿರ ಸುಳಿಯಲಿಲ್ಲ.

ಈಗ ಟಿಪ್ಪನ್ನು ನಾನೇ ಆರಿಸಿ ಕಾಕಾನ ಕೈಗೆ ಕೊಡುತ್ತೇನೆ. ಬಣ್ಣ ಹೇಳುತ್ತೇನೆ. ಬಾಗಿಲು ಮಾತ್ರ ಅವರು ಹಾಕುವುದಿಲ್ಲ. ಹಾಕಿದರೆ ಕಾಣುವ ಅಷ್ಟೂ ಹೋಗುತ್ತದೆ ಎನ್ನುತ್ತಾರೆ. ಪ್ರತಿ ಸಲ ಅವರು ಬಗ್ಗಿದಾಗ ನಾನು ಕಪಾಟಿನ ಆ ತಗ್ಗನ್ನು ನೋಡುತ್ತೇನೆ.

ಅಕ್ಟೋಬರ್ 18, ಬುಧವಾರ

ನಾಳೆ ದಂಡ ಕೊಳ್ಳುವ ಕಂಪನಿಯವರು ಕಣ್ಣಾರೆ ನೋಡಲು ಬರುತ್ತಾರೆ.

ಅಕ್ಟೋಬರ್ 19, ಗುರುವಾರ

ಮೂವರು ಬಂದಿದ್ದರು. ಗೋಪಿನಾಥರಾವ್ ಇಸ್ತ್ರಿ ಅಂಗಿ ಹಾಕಿ ಅವರ ಹಿಂದೆ ಮುಂದೆ ಓಡಾಡುತ್ತಿದ್ದರು. ನಾನು ಬಂಗಾರದ ಟಿಪ್ಪೊಂದನ್ನು ಆರಿಸಿ ಕಾಕಾನ ಮುಂದೆ ಬಟ್ಟೆಯ ಮೇಲಿಟ್ಟಿದ್ದೆ. ಕಾಕಾ ಅದನ್ನು ಮುಟ್ಟಲೇ ಇಲ್ಲ. ನೇರ ದೇವಿಯ ಪಟದ ಕಡೆ ಹೋದರು, ಕೈ ಮುಗಿದರು, ಹಲಗೆಯ ಮೇಲಿಂದ ಆ ಕುಂಕುಮದ ಟಿಪ್ ತೆಗೆದರು. ಇಂಥ ದಿನಕ್ಕೆಂದೇ ಇಟ್ಟಿದ್ದು.

ಆ ಒಂದನ್ನು ನಾನು ನೋಡಿರಲಿಲ್ಲ. ಡಬ್ಬಿಯಲ್ಲಿ ಇಲ್ಲದ್ದು ನೆನಪಿಗೇ ಬಂದಿರಲಿಲ್ಲ.

ಕೂರಿಸಿದರು. ಬಿಗಿದರು. ಯಂತ್ರ ತಿರುಗಿತು. ಕಾಕಾ ತೆರೆದ ಬಾಗಿಲಿಗೆ ಬಗ್ಗಿದರು. ಮೊದಲ ಸುರುಳಿ ಬೀಳುವ ಮೊದಲೇ ಸದ್ದು ತಪ್ಪಿತ್ತು. ಸೀಳಿದ ಬಿದಿರಿನಂಥ ಸದ್ದು, ಹೋದ ಗುರುವಾರ ಟಿಪ್ ಒಡೆಯುವ ಮುಂಚೆ ಬಂದದ್ದೇ.

ಎಲ್ಲರೂ ಹೇಳುವುದು, ನಾನು ಕೂಗಿದೆನಂತೆ. ಬೀದಿಯ ಚಹಾದಂಗಡಿಯವನೂ ಕೇಳಿ ಒಳಗೆ ಬಂದನಂತೆ. ನನಗೆ ನೆನಪಿರುವುದು ಯಂತ್ರ ನಿಲ್ಲಿಸುವ ಕೆಂಪು ಗುಂಡಿ ಅಂಗೈಗೆ ಒತ್ತಿದ್ದು, ಮತ್ತು ಯಂತ್ರ ಸುಮ್ಮನಾದ ಮೇಲಿನ ಮೌನ.

“ಏಮ್ಮಾ! ಏಮಯ್ಯಿಂದಿ?” ಏನಾಯಿತು ಎಂದು ಗೋಪಿನಾಥರಾವ್ ತೆಲುಗಿನಲ್ಲಿ ಕೂಗಿದರು.

ಆನಂದಕುಮಾರ ಟಿಪ್ ಬಿಚ್ಚಿ ಬೆಳಕಿಗೆ ಹಿಡಿದರು. “ಬಿರುಕು ಬಿಟ್ಟಿದೆ. ಸವೆದಿರೋ ಮೂಲೆ. ಗೊಲ್ಲಾಳಪ್ಪನವ್ರೇ, ಇದು ಬರಿಗಣ್ಣಿಗೇ ಕಾಣತ್ತಲ್ಲ?”

ಕಾಕಾನ ಗಾಜಿನ ಕಣ್ಣು ಆನಂದಕುಮಾರರನ್ನು ನೋಡುತ್ತಿತ್ತು. ಇನ್ನೊಂದು ನೆಲವನ್ನು. ಎಲ್ಲರೂ ಕಾಯುತ್ತಿದ್ದರು.

“ಅವರಿಗೆ ಕಾಣ್ಸಂಗಿಲ್ರಿ” ಎಂದೆ. “ಪೊರಿ ಬಂದೈತಿ. ಸುರುಳಿ ಬಣ್ಣಾನೂ ಕಾಣ್ಸಂಗಿಲ್ಲ. ನಾನ ಹೇಳ್ತಿದ್ದೆ.”

ಕಾಕಾ ಕೈಯೊರೆಸುವ ಬಟ್ಟೆಯನ್ನು ಮಡಚಿ ಯಂತ್ರದ ಮೇಲಿಟ್ಟು ಹೊರಗೆ ಹೋದರು. ಬಾಗಿಲ ಚೌಕಟ್ಟನ್ನು ಕೈಯಿಂದ ತಡವಿ ಹೋದರು. ಇನ್ನು ಅಡಗಿಸುವುದೇನೂ ಇರಲಿಲ್ಲವಲ್ಲ.

ಅಕ್ಟೋಬರ್ 20

ಕಾಕಾ ನನ್ನ ಜೊತೆ ಮಾತಾಡುತ್ತಿಲ್ಲ.

ಅಕ್ಟೋಬರ್ 24, ಮಂಗಳವಾರ

ಕಾಕಾ ಮನೆಯಲ್ಲೇ ಇದ್ದಾರೆ. ಕಣ್ಣು ಸರಿಮಾಡಿಕೊಂಡು ಬಂದರೆ ಯಂತ್ರ, ಇಲ್ಲದಿದ್ದರೆ ಗೇಟು ಎಂದು ಗೋಪಿನಾಥರಾವ್ ಹೇಳಿ ಕಳಿಸಿದ್ದಾರೆ. ಕಾಕು ಅಳುತ್ತ ಬೈಯುತ್ತಾರೆ, ಬೈಯುತ್ತ ಅಳುತ್ತಾರೆ. “ಗಂಡಗ ಕಣ್ಣ ಕಾಣ್ಸಂಗಿಲ್ಲ ಅಂತ ಊರಿಗೆಲ್ಲ ಗೊತ್ತಾದ ಮ್ಯಾಲೆ ನನಗ ಗೊತ್ತಾಗಬೇಕೇನು?”

ನಾನು ಬಡಿಸಿದರೆ ಕಾಕಾ ತಟ್ಟೆ ಮುಟ್ಟುವುದಿಲ್ಲ. ಕಾಕು ಬಡಿಸಬೇಕು. ಈ ಮನೆಯಲ್ಲಿ ಇನ್ನೆಷ್ಟು ದಿನ ಇರಲಾಗುತ್ತದೋ. ಊರಿಗೆ ಹೋಗಿ ಅಪ್ಪನಿಗೆ ಏನು ಹೇಳಲಿ?

ಪರೀಕ್ಷೆ ಮುಂದುವರಿದಿದೆ. ಕಂಪನಿಯವರು ಇನ್ನೊಂದು ಅವಕಾಶ ಕೊಟ್ಟಿದ್ದಾರೆ. ಕಾಕಾನ ಯಂತ್ರದ ಮೇಲೆ ಮಲ್ಲು. ಇವತ್ತು ಅವನೂ ಬಾಗಿಲು ತೆರೆದೇ ಶುರುಮಾಡಿದ. “ಹಾಕು” ಎಂದೆ. “ಒಂದ ನಿಮಿಷ ಅಕ್ಕೋರ” ಎಂದ. ನಾನು ಯಂತ್ರ ನಿಲ್ಲಿಸಿ, ಬಾಗಿಲಿನ ಏರ್ಪಾಡಿಗೆ ಕಟ್ಟಿದ್ದ ತಂತಿಯನ್ನು ಕತ್ತರಿಸಿ ಹಾಕಿದೆ. ಅವನು ಗೊಣಗಿದ. ಗಾಜು ನಿಜವಾಗಿಯೂ ಕೊಳಕಾಗಿತ್ತು, ಸೋಡಾಪುಡಿ ಹಾಕಿ ತಿಕ್ಕಿದೆ. ಬೆರಳ ಸಂದಿಯೆಲ್ಲ ಉರಿಯುತ್ತಿದೆ.

ನವೆಂಬರ್ 2, ಗುರುವಾರ

ಆನಂದಕುಮಾರ ಹೊರಟರು. ಹೈಟೆಕ್ ಸಿಟಿಯಲ್ಲಿ ಕೆಲಸ ಸಿಕ್ಕಿತು. ತಮ್ಮ ಡ್ರಾಯರಿನ ಕೀಲಿಯನ್ನು ನನಗೆ ಕೊಟ್ಟರು. ಸವೆತದ ಅಳತೆ ಈಗ ನಾನೇ ತೆಗೆಯುತ್ತೇನೆ. ಕಡಿಮೆ ಎಣ್ಣೆಯಲ್ಲಿ ಕಪ್ಪು ಸ್ಪಷ್ಟವಾಗಿ ಮುಂದಿದೆ. ಬಿಸಿಯಾದಷ್ಟೂ ಅದು ತಾಳುತ್ತದೆ. ಬಂಗಾರ ಶುರುವಿನಲ್ಲಿ ಚೆನ್ನ, ಬಿಸಿ ಏರಿದಂತೆ ಸೋಲುತ್ತದೆ.

ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದಾಗ ಒಳಗಿನಿಂದ ಕಾಕಾನ ದನಿ ಬಂತು. ಇಷ್ಟು ದಿನದ ಮೇಲೆ. “ಯಾವದು ಗೆದ್ದತಿ?”

“ಕರೇದು, ಕಾಕಾ.”

ಸ್ವಲ್ಪ ಹೊತ್ತು ಬಿಟ್ಟು, “ಮಂಗಳವಾರ ದವಾಖಾನಿಗೆ ಬರಾಕ ಹೇಳ್ಯಾರ. ನಿಮ್ಮ ಕಾಕು ಅಳತಾಳ, ಆಕಿ ಬ್ಯಾಡ. ನೀ ಬಾ.”

ನವೆಂಬರ್ 7, ಮಂಗಳವಾರ

ದವಾಖಾನೆಯ ಬೆಂಚಿನ ಮೇಲೆ ಬರೆಯುತ್ತಿದ್ದೇನೆ. ಆಪರೇಷನ್ನಿಗೆ ಕಾಕಾನನ್ನು ಒಳಗೆ ಕರೆದುಕೊಂಡು ಹೋದರು. ಹಸಿರು ಟೊಪ್ಪಿಗೆ ಹಾಕಿದಾಗ ಕಾಕಾ ಯಾರೋ ಬೇರೆಯವರಂತೆ ಕಂಡರು. ಬಾಗಿಲು ಮುಚ್ಚುವವರೆಗೆ ನನ್ನ ಕೈ ಬಿಡಲಿಲ್ಲ. “ಕೈ ತಪ್ಪಿದ್ರ?” ಎಂದರು ಡಾಕ್ಟರಿಗೆ. ಆಕೆ ನನ್ನ ವಯಸ್ಸಿನವಳೇ ಇರಬೇಕು. ತೆಲುಗಿನಲ್ಲಿ ಏನೋ ಸಮಾಧಾನ ಹೇಳಿದಳು.

ತಪ್ಪಿದರೆ ಅದು ನಾನು ಕೂಗಿದ್ದರಿಂದ. ನಾನು ಸುಮ್ಮನಿದ್ದಿದ್ದರೆ ಮಜ್ಜಿಗೆಯಂಥದ್ದಾದರೂ ಒಂದು ಬೆಳಕು ಇರುತ್ತಿತ್ತು. ಬೇರೆ ಏನೂ ಬರೆಯಲಾಗುತ್ತಿಲ್ಲ. ಆ ಬಾಗಿಲಿನ ಹಿಡಿಕೆಯನ್ನೇ ನೋಡುತ್ತಿದ್ದೇನೆ.

ನವೆಂಬರ್ 8, ಬುಧವಾರ

ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಕಾಕಾ ಕಣ್ಣು ತೆರೆಯಲೇ ಒಲ್ಲರು. ನರ್ಸು ಎರಡು ಸಲ ಹೇಳಿದಳು. ನಾನು ಪರೀಕ್ಷೆಯ ಕೊನೆಯ ಸುರುಳಿಯೊಂದನ್ನು ಕಾಗದದಲ್ಲಿ ಸುತ್ತಿ ತಂದಿದ್ದೆ. ಬಿಚ್ಚಿ ಅವರ ಅಂಗೈಯಲ್ಲಿಟ್ಟೆ.

“ಏನ ಬಣ್ಣ ಐತಿ?” ಎಂದರು, ಕಣ್ಣು ಮುಚ್ಚಿಕೊಂಡೇ.

“ನೀವ ನೋಡಿ ಹೇಳ್ರಿ, ಕಾಕಾ. ನಾ ಹೇಳಂಗಿಲ್ಲ.”

ತೆರೆದರು. ನೀರು ಸುರಿಯಿತು. ಅಂಗೈಯನ್ನು ಹತ್ತಿರ ತಂದರು, ದೂರ ಹಿಡಿದರು, ಮತ್ತೆ ಹತ್ತಿರ ತಂದರು.

“ಗೋದಿ ಬಣ್ಣ” ಎಂದರು. “ಅಂಚಿಗೆ ಅಷ್ಟ ನೀಲಿ. ಕರೇ ಟಿಪ್ಪಿಂದು.”

ನಾನು ಹೂಂ ಎನ್ನುವ ಮೊದಲೇ ತಲೆಯೆತ್ತಿ ನನ್ನನ್ನು ನೋಡಿದರು. ಹುಬ್ಬು ಗಂಟಾಯಿತು. ಕೈ ಚಾಚಿ ನನ್ನ ಬಲಗೆನ್ನೆಯ ಮೇಲೆ ಹೆಬ್ಬೆರಳಿಟ್ಟರು, ಟಿಪ್ಪಿನ ಅಂಚು ಸವರಿ ನೋಡುವ ಹಾಗೆ.

“ಇದೇನಿದು? ಯಾವಾಗ ಸುಟ್ಟಿತು?”

“ದಸರಾಕ್ಕಿಂತ ಮೊದಲ.”

“ನನ್ನ ಮಷೀನಿನ್ಯಾಗ?”

“ಹೂಂ.”

“ನನಗ್ಯಾಕ ಹೇಳಲಿಲ್ಲ?”

“ನೀವು ನೋಡೀರಿ ಅಂತ ತಿಳ್ಕೊಂಡಿದ್ದೆ, ಕಾಕಾ.”

ಬೆರಳು ಅಲ್ಲೇ ಇತ್ತು. ನರ್ಸು ಬಂದು, ಅಳಬಾರದು, ಹೊಸ ಕಣ್ಣು, ಎಂದು ಗದರಿಸಿದಳು.